ಮೇಲಿನ ತಟ್ಟೆ

ಸಿಲ್ಲೋಡ್ ತಾಲ್ಲೂಕಿನ ಆ ಊರಿಗೆ ಕಾರು ತಲುಪುವ ಹೊತ್ತಿಗೆ ಹೆಂಗಸರು ಬಿಸಿಲಿನಿಂದ ಕಾಳುಕಡಿ ಒಣಗಿಸುವ ಪೆಟ್ಟಿಗೆಯ ಸುತ್ತ ರಂಗೋಲಿ ಹಾಕಿ ಮುಗಿಸಿದ್ದರು. ಒಳಗಿನ ಎಂಟೂ ತಟ್ಟೆಗಳಲ್ಲಿ ಕೆಂಪು ಮೆಣಸಿನಕಾಯಿ ತುಂಬಿತ್ತು. ಅದನ್ನು ಕಂಡು ಗಂಡ ಗುರುಸಿದ್ದಪ್ಪನ ಮುಖ ಅರಳಿದ್ದನ್ನು ಅನಸೂಯ ಗಮನಿಸಿದಳು.

ಪೆಟ್ಟಿಗೆ ಅವನದೇ ವಿನ್ಯಾಸ. ಓಝರಿನ ವಿಮಾನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಒಂದಿಡೀ ವರ್ಷ ಅವನು ನಾಸಿಕದ ಮನೆಯಲ್ಲಿ ಸರಿಯಿದ್ದ ನಲ್ಲಿಗಳನ್ನೇ ಬಿಚ್ಚಿ ಜೋಡಿಸುತ್ತ ಕೂತಿದ್ದ. ಆಮೇಲೆ ವಿದೇಶಿ ಸಾಲ ಸಂಸ್ಥೆಯೊಂದರ ಯೋಜನೆಗೆ ತಾಂತ್ರಿಕ ಸಲಹೆಗಾರ ಬೇಕೆಂದು ಕರೆ ಬಂತು. ಅದೇ ಯೋಜನೆಯಲ್ಲಿ ಅನಸೂಯ ಏಳು ವರ್ಷದಿಂದ ದುಭಾಷಿ. ಗಂಡ ಹೆಂಡತಿ ಒಟ್ಟಿಗೆ ಹೋದರೆ ಒಂದು ಕಾರಿನ ಡೀಸೆಲ್ ಉಳಿಯಿತು ಎಂದು ಆಫೀಸಿನವರು ನಕ್ಕಿದ್ದರು. ಮೊದಲ ಹಂತದ ಹನ್ನೆರಡು ಊರುಗಳಲ್ಲಿ ಪೆಟ್ಟಿಗೆ ಗೆದ್ದರೆ ಇನ್ನೂ ನಲವತ್ತು ಊರುಗಳಿಗೆ ಸಾಲ ಮಂಜೂರಾಗುತ್ತಿತ್ತು. ಅದನ್ನು ತೀರ್ಮಾನಿಸಲು ಸಂಸ್ಥೆಯ ಮಹಿಳಾ ಅಧಿಕಾರಿಯೊಬ್ಬಳು ಇವರ ಜೊತೆ ಬಂದಿದ್ದಳು. ಆಕೆಗೆ ಇಲ್ಲಿನ ಯಾವ ಭಾಷೆಯೂ ಬಾರದು.

ಮಹಿಳಾ ಗುಂಪಿನ ಮುಖ್ಯಸ್ಥೆ ಕಡೂಬಾಯಿ ಮೊದಮೊದಲು ಎಲ್ಲವೂ ಚೆಂದ ಎಂದಳು. ಬಣ್ಣ ಚೆಂದ, ಬಾಗಿಲು ಚೆಂದ, ಧೂಳು ಕೂರುವುದಿಲ್ಲ. ಕಳೆದ ತಿಂಗಳು ಎಷ್ಟು ಸಲ ಬಳಸಿದಿರಿ ಎಂದು ಅಧಿಕಾರಿ ಕೇಳಿದಳು. ಅನಸೂಯ ಅದನ್ನು ಮರಾಠಿಯಲ್ಲಿ ಕೇಳಿದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಡೂಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟಳು.

“ಒಂದೇ ಸಲ. ನಿನ್ನೆ, ನೀವೆಲ್ಲ ಬರ್ತೀರಂತ.”

ನಗು ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. ಮೇಲಿನ ತಟ್ಟೆ ತಲೆಗಿಂತ ಎತ್ತರ. ಹಸಿ ಕಾಯಿ ತುಂಬಿದರೆ ಎತ್ತಲು ಇಬ್ಬರು ಬೇಕು, ಇಬ್ಬರು ನಿಲ್ಲುವಷ್ಟು ಬಾಗಿಲು ಅಗಲವಿಲ್ಲ. ಪೆಟ್ಟಿಗೆ ಬಂದ ಹೊಸದರಲ್ಲಿ ತುದಿಗಾಲಲ್ಲಿ ನಿಂತು ಎಳೆದ ಕಡೂಬಾಯಿಯ ಸೊಸೆಯ ಕಣ್ಣಿಗೆ ಖಾರ ಉದುರಿ ಎರಡು ದಿನ ಅವಳು ಕಣ್ಣು ತೆರೆದಿರಲಿಲ್ಲ. ಅಂದಿನಿಂದ ಮತ್ತೆ ಮಾಳಿಗೆಯ ಮೇಲೆಯೇ ಒಣಹಾಕುತ್ತಿದ್ದರು. ಇದನ್ನು ಮಾಡಿದವರ ಮನೆಯಲ್ಲಿ ಮೆಣಸಿನಕಾಯಿ ಒಣಗಿಸುವುದು ಆರಡಿ ಗಂಡಸರೇನು ಎಂದು ಹಿಂದಿನಿಂದ ಯಾರೋ ಕೇಳಿದರು.

ಗುರುಸಿದ್ದಪ್ಪನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯದೆ ಅವನು ಕನ್ನಡದಲ್ಲಿ ಮಾತಾಡಿದ. ಅಲ್ಲಿ ಆ ಭಾಷೆ ಬಲ್ಲವರು ಅವರಿಬ್ಬರೇ.

“ಅಷ್ಟೆಲ್ಲಾ ಹೇಳಬ್ಯಾಡ, ಅನಸೂಯಾ. ಇನ್ನೂ ರೂಢಿ ಆಗಿಲ್ಲ ಅಂತ ಹೇಳು, ಸಾಕು.”

ಅದರಲ್ಲಿ ಗಂಡನ ಗತ್ತು ಇರಲಿಲ್ಲ. ಜ್ವರ ಬಂದಾಗ ನೀರು ಕೇಳುವ ದನಿ ಅದು. ಅವಳಿಗೆ ಆ ನಲ್ಲಿಗಳ ವರ್ಷ ನೆನಪಾಯಿತು. ಅವನು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಅತ್ತೆಯ ಮಾತಿನ ಚೂಪು ಸವರಿ ಇವನಿಗೆ, ಇವನ ಮಾತಿನ ಚೂಪು ಸವರಿ ಅತ್ತೆಗೆ ದಾಟಿಸುತ್ತಲೇ ಅವಳು ಸಂಸಾರ ಮಾಡಿದ್ದಳು. ಆದರೆ ಆಗ ಸವರಿದರೆ ಮನೆಯಲ್ಲಿ ಊಟ ಸುಸೂತ್ರವಾಗುತ್ತಿತ್ತು. ಇಲ್ಲಿ ಸವರಿದರೆ ನಲವತ್ತು ಊರುಗಳ ಹೆಂಗಸರು ತುದಿಗಾಲಲ್ಲಿ ನಿಲ್ಲಬೇಕು.

ಅವಳು ಅಧಿಕಾರಿಯ ಕಡೆ ತಿರುಗಿ, ಸೊಸೆಯ ಕಣ್ಣು ಉರಿದದ್ದರವರೆಗೆ ಎಲ್ಲವನ್ನೂ ಹೇಳಿದಳು. ಆರಡಿ ಗಂಡಸರ ಮಾತನ್ನೂ ಬಿಡಲಿಲ್ಲ. ಆಕೆ ಬರೆದುಕೊಂಡು, ವಿನ್ಯಾಸ ತಿದ್ದುವ ತನಕ ಎರಡನೇ ಹಂತ ಬೇಡ ಎಂದಳು.

ಸಂಭಾಜಿನಗರದಲ್ಲಿ ಅಧಿಕಾರಿಯನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಇಬ್ಬರೂ ಕುಂದಾಪುರದವರ ಹೋಟೆಲ್ಲಿನಲ್ಲಿ ಕೂತರು. ತಂದಿಟ್ಟ ಇಡ್ಲಿ ಆರತೊಡಗಿತು. ಗುರುಸಿದ್ದಪ್ಪ ಪೆನ್ನು ತೆಗೆದು ಟಿಶ್ಯೂ ಕಾಗದದ ಮೇಲೆ ಪೆಟ್ಟಿಗೆಯ ಗೆರೆ ಎಳೆದ, ಹೊಡೆದುಹಾಕಿದ, ಮತ್ತೆ ಎಳೆದ.

“ನಿನ್ನ ಎತ್ತರ ಎಷ್ಟ?”

ಇಪ್ಪತ್ತೆಂಟು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಇದೇ ಮೊದಲು. ಹೇಳಿಬಿಡಬೇಕೆಂದು ಅವಳಿಗೆ ಆಸೆಯಾಯಿತು.

“ನಂದು ಯಾಕ್ರೀ? ಕಡೂಬಾಯಿನ್ನ ಕೇಳ್ರಿ.”

ಅವನು ಪೆನ್ನಿನ ಮುಚ್ಚಳ ಹಾಕಿದ. “ಸೋಮವಾರ ಹೋಗೂಣು. ನೀ ಬರ್ತೀ ಹೌದಲ್ಲೋ?”

“ಬರ್ತೀನಿ,” ಎಂದಳು ಅನಸೂಯ, ಚಟ್ನಿಯ ಬಟ್ಟಲನ್ನು ಅವನ ಕಡೆ ಸರಿಸುತ್ತ. “ಆದ್ರ ಮಾತು ನೀವ ಆಡ್ಬೇಕು.”