ಹುಣಸೆಹಣ್ಣಿಗೆ ಹೋದ ಹಸಿರು

ನಾನು ಒಂದು ಅದಿರು. ತಾಮ್ರದ ಅದಿರು. ಹುಟ್ಟಿದ್ದು ಕಡಲ ತಳದಲ್ಲಿ ಎಂದರೆ ನಗಬೇಡಿ. ಚಿತ್ರದುರ್ಗದ ಕಡೆಯ ಈ ಕುರುಚಲು ಗುಡ್ಡಗಳ ಜಾಗದಲ್ಲಿ ಒಂದಾನೊಂದು ಕಾಲಕ್ಕೆ ಕಡಲಿತ್ತು, ಅದರಡಿ ಬೆಂಕಿ ಉಕ್ಕುತ್ತಿತ್ತು. ಉಕ್ಕಿದ್ದು ಆರಿ ಕಪ್ಪುಹಸಿರು ಬಂಡೆಯಾಯಿತು, ಬಂಡೆ ಬಿರುಕುಬಿಟ್ಟಿತು. ಆ ಬಿರುಕಿಗೆ ಕುದಿನೀರು ತಾಮ್ರ, ಕಬ್ಬಿಣ, ಗಂಧಕ ಮೂರನ್ನೂ ಹೊತ್ತು ತಂದು ಇಳಿಸಿಹೋಯಿತು. ಮೂವರೂ ಕೂಡಿ ನಾನಾದೆ. ಒಡಲು ಹಿತ್ತಾಳೆ ಹಳದಿ, ಮಗ್ಗುಲಲ್ಲಿ ಬಿಳಿ ಬೆಣಚುಕಲ್ಲು. ಆಮೇಲೆ ಕಡಲು ಹೋಯಿತು, ಗುಡ್ಡ ಎದ್ದಿತು, ಮಳೆನೀರು ಸಂದುಗೊಂದುಗಳಲ್ಲಿ ಇಳಿಯಿತು. ನೀರೂ ಗಾಳಿಯೂ ತಾಕಿದ ಕಡೆಯೆಲ್ಲ ನನ್ನ ಮೈಮೇಲೆ ಗಿಳಿಹಸಿರು ಪದರ ಕಟ್ಟಿತು. ಕೋಟಿಗಟ್ಟಲೆ ವರ್ಷ ಎಂದು ನೀವು ಬಾಯಿ ಬಿಡುತ್ತೀರಿ. ನಮಗೆ ಅದು ಮಧ್ಯಾಹ್ನದ ಒಂದು ನಿದ್ದೆ.

ನಿದ್ದೆ ಕೆಡಿಸಿದವನು ಗಣಿ ಕೆಲಸದ ಓಬಯ್ಯ. "ಹುಷಾರ್... ಹೋಯ್!" ಎಂದು ಸುರಂಗದ ತುಂಬ ಎಳೆದು ಕೂಗಿದ. ಹಿಂದೆಯೇ ಸಿಡಿಮದ್ದು ಢಂ! ಅದಿರು ಅಂದಮೇಲೆ ಅದುರದೆ ಇರಲಾದೀತೆ? ಕಿತ್ತು ಕೆಳಗೆ ಬಿದ್ದೆ. ನನ್ನ ಇನ್ನರ್ಧ ಗೋಡೆಯಲ್ಲೇ ಉಳಿಯಿತು.

ಮದ್ದು ಸಿಡಿದ ಮೇಲೆ ಕಬ್ಬಿಣದ ಸಲಾಕೆಯಿಂದ ಚಾವಣಿ ಬಡಿದು ನೋಡುವುದು ಓಬಯ್ಯನ ಕೆಲಸ. ಠಣ್ ಅಂದರೆ ಬಂಡೆ ಗಟ್ಟಿ. ಡಬ್ ಅಂದರೆ ಎದ್ದೆನೋ ಬಿದ್ದೆನೋ ಎಂದು ಓಟ. ಅವತ್ತು ನನ್ನನ್ನೂ ಬಡಿದ. ಠಣ್ ಅಂದೆ. ನಕ್ಕು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದ.

ಮನೆಯಲ್ಲಿ ಹೆಂಡತಿ ಪಾಲಮ್ಮ. ಹೆಂಗಸರನ್ನು ಗಣಿಯೊಳಗೆ ಬಿಡುತ್ತಿರಲಿಲ್ಲ. ದಿನಾ ಅವಳದು ಒಂದೇ ಪ್ರಶ್ನೆ, "ಒಳಗೆ ಹೆಂಗೈತೆ, ಹೇಳ್ರಿ." ಓಬಯ್ಯ ಮಾತಿಗಿಂತ ಸದ್ದಿನಲ್ಲೇ ಹೇಳುವವನು. ಬೈರಿಗೆ ಯಂತ್ರದ ಡರ್‍ರ್‍ರ್, ಮೇಸ್ತ್ರಿಯ ಮೂಗಿನ ದನಿ, ಕೊನೆಗೆ ತನ್ನದೇ "ಹುಷಾರ್... ಹೋಯ್!" ಪಾಲಮ್ಮ ನಕ್ಕು ನಕ್ಕು ಹಾಗೇ ಕೂಗಿ ಅಣಕಿಸುತ್ತಿದ್ದಳು. ಅವತ್ತು ಮಾತ್ರ ನನ್ನನ್ನು ಅವಳ ಕೈಗಿಟ್ಟು, "ತಗಾ, ಒಳಗಿನ ಗೋಡೆ ಹಿಂಗೈತೆ. ಒಂದಿನ ನಿನ್ನೇ ಕರ್ಕಂಡು ಹೋಗಿ ತೋರಿಸ್ತೀನಿ" ಅಂದ.

ಆ ದಿನ ಬರಲಿಲ್ಲ. ಅದಿರಿನಲ್ಲಿ ತಾಮ್ರ ಸಾಲದೆಂದು ಗಣಿ ಮುಚ್ಚಿದರು. ಪಂಪು ನಿಂತಿತು, ಸುರಂಗದ ಆಳಕ್ಕೆ ನೀರು ತುಂಬಿತು. ಮುಳುಗಿದ ಗಣಿಯನ್ನು ನೋಡಲಾರೆನೆಂದು ಓಬಯ್ಯ ಆ ಗುಡ್ಡದ ಕಡೆ ತಲೆಹಾಕಲಿಲ್ಲ. ಹಾಗೇ ತೀರಿಕೊಂಡ. ಪಾಲಮ್ಮನಿಗೆ ಗಣಿಯೆಂದರೆ ನಾನೊಬ್ಬನೇ ಉಳಿದೆ. ತಾಮ್ರದ ಚೊಂಬಿನ ಪಕ್ಕದಲ್ಲಿ ನನಗೆ ಜಾಗ. ಸಂಜೆ ದೀಪ ಹಚ್ಚಿ ನನ್ನ ಹಸಿರಿನ ಮೇಲೆ ಬೆರಳಾಡಿಸುವಳು. ಅವಳಿಗೆ ಅವನ ನೆನಪು, ನನಗೆ ಗೋಡೆಯ ಅರ್ಧದ ನೆನಪು.

ಆಮೇಲೆ ಸೊಸೆ ಬಂದಳು. ಹೆಸರು ರತ್ನ, ಕಲ್ಲಿನ ಗುರುತು ಮಾತ್ರ ಇಲ್ಲ! ಯುಗಾದಿಗೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು, ಉಪ್ಪು ಹಾಕಿ ಬೆಳಗುತ್ತ ನನ್ನನ್ನೂ ಎತ್ತಿಕೊಂಡಳು. "ಅಯ್ಯೋ, ಎಷ್ಟು ಕಿಲುಬು ಹಿಡಿದೈತೆ!" ತಿಕ್ಕಿದಳು ನೋಡಿ. ಹುಳಿ ತಾಗಿದ ಕಡೆ ಸಣ್ಣಗೆ ಗುಳ್ಳೆ ಎದ್ದು, ಮಳೆ ಯುಗಯುಗ ಕೂತು ನೇಯ್ದ ಹಸಿರು ಬಚ್ಚಲಿಗೆ ಹರಿಯಿತು.

"ಅತ್ತೆಮ್ಮ, ನೋಡಿ! ಬಂಗಾರ ಇದ್ದಂಗೈತೆ!"

ಪಾಲಮ್ಮ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಗಣಿ ಅಂತ ಅವ್ರು ತೋರಿಸಿದ್ದು ಆ ಹಸಿರೊಂದೇ ಕಣವ್ವ" ಅಂದಳು, ಅಷ್ಟೆ. ಬೈದಿದ್ದರೆ ರತ್ನ ಎದುರು ಮಾತಾಡುತ್ತಿದ್ದಳೇನೋ. ಬೈಯಲಿಲ್ಲ. ಹಬ್ಬದ ಹೋಳಿಗೆ ಇಬ್ಬರ ಎಲೆಯಲ್ಲೂ ಹಾಗೇ ಉಳಿಯಿತು.

ಮಾರನೆ ಬೆಳಿಗ್ಗೆ ರತ್ನ ಮೊಪೆಡ್ ಹೊರಗೆ ತಂದಳು. "ಹತ್ತಿ ಅತ್ತೆಮ್ಮ. ಗಣಿಗೇ ಹೋಗಿ ನೋಡಾಣ."

"ಬೀಳಿಸಿಗೀಳಿಸೀಯ!"

"ಬಿದ್ರೆ ಇಬ್ರೂ ಬೀಳಾಣ, ಹತ್ತಿ."

ಪಾಲಮ್ಮನ ಮಡಿಲಲ್ಲಿ ನಾನು. ಗಣಿಯ ಬಾಯಿಗೆ ಕಂಬಿ ಬಾಗಿಲು, ಅದರ ಮುಂದೆ ಜಾಲಿಮುಳ್ಳಿನ ಪೊದೆ. ರತ್ನ ಜಾಲಿ ಸರಿಸಿದಳು. ಪಾಲಮ್ಮ ಕಂಬಿಗೆ ಕೆನ್ನೆಯೊತ್ತಿ ನಿಂತಳು. ಎಳೆಬಿಸಿಲು ಒಳಗೆ ಓರೆಯಾಗಿ ಬಿದ್ದಿತ್ತು. ಗೋಡೆಯುದ್ದಕ್ಕೂ ಗಿಳಿಹಸಿರು, ನಡುನಡುವೆ ನೀಲಿ ಗೆರೆ, ಅದರ ಮೇಲೆ ತೊಟ್ಟಿಕ್ಕುವ ನೀರು.

"ದಿಟ ಹೇಳಿದ್ರು ಕಣೆ" ಅಂದಳು. ಉಸಿರು ತುಂಬಿಕೊಂಡು ಓಬಯ್ಯನ ಹಾಗೇ ಕೂಗಿದಳು, "ಹುಷಾರ್... ಹೋಯ್!"

ಒಳಗಿನಿಂದ ದಪ್ಪಗೆ, ಗಂಡಸಿನ ದನಿಯಲ್ಲಿ, ತಿರುಗಿ ಬಂತು.

ರತ್ನ ಬೆಚ್ಚಿ ಅತ್ತೆಯ ಸೆರಗು ಹಿಡಿದಳು. ಪಾಲಮ್ಮ ಬಹಳ ಹೊತ್ತು ಕಂಬಿ ಬಿಡಲಿಲ್ಲ. ಆಮೇಲೆ ನನ್ನನ್ನು ಕಂಬಿಗೆ ಒಮ್ಮೆ ಬಡಿದಳು. ಠಣ್. ಕಂಬಿಯ ಸಂದಿನಲ್ಲಿ ಕೈ ಚಾಚಿ, ಗೋಡೆಯ ಬುಡದಲ್ಲಿ ನೀರು ತೊಟ್ಟಿಕ್ಕುವ ಕಡೆ ಇಟ್ಟಳು.

"ಮತ್ತೆ ಹಸಿರಾಗುತ್ತಾ ಅತ್ತೆಮ್ಮ?"

"ಆಗ್ತೈತೆ. ಅದಕ್ಕೇನು ಅವಸರ."

ಅವಸರ ನನಗೂ ಇರಲಿಲ್ಲ. ಬಯಸಿದ ಮನೆಗೇ ಬಂದೆನಲ್ಲ. ಆದರೆ ಪಾಲಮ್ಮನ ಒರಟು ಬೆರಳು ಮೈಮೇಲೆ ಆಡಿದಮೇಲೆ ನನ್ನ ಕಾಲದ ಲೆಕ್ಕವೇ ತಪ್ಪಿತು. ಮೊನ್ನೆ ಒಂದು ಹಸಿರು ಚುಕ್ಕೆ ಮೂಡಿತು, ಸಾಸಿವೆಯಷ್ಟು. ಮೂಡಿದ್ದು ಗೋಡೆಯ ಕಡೆಗೆ, ಬಾಗಿಲಿಂದ ನೋಡಿದರೆ ಕಾಣದು. ಗುಡ್ಡದ ಕೆಳಗೆ ಮೊಪೆಡ್ಡಿನ ಸದ್ದಾದಾಗಲೆಲ್ಲ ಬಾಗಿಲ ಕಡೆ ಹೊರಳಿ ಅದನ್ನು ತೋರಿಸಬೇಕೆನ್ನಿಸುತ್ತದೆ. ಕಲ್ಲಿಗೆ ಹೊರಳಲು ಬಾರದು.