ಲಿಂಗಕ್ಕ ತಿನ್ನದ ಮಣ್ಣು

“ಇನ್ನೊಬ್ಬಾಕಿ ಬರ್ರೆ ಇಲ್ಲಿ, ಭುಜ ಹಿಡೀರಿ,” ಎಂದು ಪಕ್ಕದ ಮನೆಯ ಕೊಂಡಮ್ಮ ಕೂಗಿದಳು. ಲಿಂಗಕ್ಕನ ಹೆಣಕ್ಕೆ ನೀರು ಹಾಕಲು ಮೂವರು ಹೆಂಗಸರು ಸಾಲದಾಗಿದ್ದರು. ಚಿಪ್ಪಗಿರಿಯಲ್ಲಿ ಅಷ್ಟು ತೂಕದವಳು ಇನ್ನೊಬ್ಬಳಿರಲಿಲ್ಲ. ಆ ಮಾತು ಬಂದಾಗ ಎಲ್ಲರಿಗಿಂತ ಮೊದಲು ನಗುತ್ತಿದ್ದವಳೂ ಅವಳೇ.

ಸೀರೆ ಸರಿಸಿದ ಕೊಂಡಮ್ಮನ ಕೈ ಲಿಂಗಕ್ಕನ ಎದೆಯ ಮೇಲೆ ನಿಂತುಬಿಟ್ಟಿತು.

“ಇದೇನೇ ಉಚ್ಚಮ್ಮ? ಕಲ್ಲಿನಂಗ ಐತಿ.”

“ಗಂಟು, ಚಿಗವ್ವ. ಭಾಳ ದಿನದ್ದು,” ಎಂದಳು ಮಗಳು.

“ಯಾರಿಗೂ ಹೇಳಲಿಲ್ಲೇನು?”

“ನನಗ ಹೇಳಿದ್ಳು. ಕುರಿಗೂ ಹೇಳಿದ್ಳು.”

ಅಷ್ಟರಲ್ಲಿ ಹೊರಗೆ ಸೋದರಮಾವ ಮಾರೆಪ್ಪನ ದನಿ ಕೇಳಿಸಿತು: “ಮೂರನೇ ದಿನದ ಊಟಕ್ಕ ಹಿತ್ತಲದಾಗಿನ ಆ ಕೊಬ್ಬಿದ ಕುರಿ ಕಡಿಯೋಣು.”

ಉಚ್ಚಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. “ಅದೊಂದು ಬ್ಯಾಡ ಮಾವ.”

“ಮರಿ ಹಾಕಂಗಿಲ್ಲ, ಹಾಲಿಲ್ಲ. ಕೆಚ್ಚಲದಾಗ ಗಂಟು ಬ್ಯಾರೆ. ಯಾಕ ಸಾಕಬೇಕು?”

“ಗಂಟು ಐತಂತನ ಸಾಕಬೇಕು.”

ಮಾರೆಪ್ಪ ಅವಳನ್ನೇ ದಿಟ್ಟಿಸಿದ. ಹೋದ ವಾರ ಉಚ್ಚಮ್ಮನ ಎದೆಯಲ್ಲೂ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿದ್ದನ್ನು ಮಾವನ ಮುಂದೆ ಹೇಗೆ ಹೇಳುವುದು? ಅವಳಿಗೆ ಹೆದರಿಕೆಯಾಗಿತ್ತು.

*

ಅದು ಕೆಲವು ವರ್ಷಗಳ ಹಿಂದೆ, ಮಹಾಯುದ್ಧ ಮುಗಿದ ವರ್ಷ. ಮೊಣಕಾಲು ನೋವೆಂದು ಲಿಂಗಕ್ಕ ಕುರಿಹಿಂಡಿನ ಹಿಂದೆ ಹೋಗುವುದನ್ನು ಬಿಟ್ಟಿದ್ದಳು. ತಬ್ಬಲಿ ಮರಿಯೊಂದನ್ನು ಹಿತ್ತಲಲ್ಲೇ ಕಟ್ಟಿ, ಆದೋನಿಯ ಗಿರಣಿಯಿಂದ ಬರುವ ಶೇಂಗಾ ಹಿಂಡಿ ಹಾಕಿ ಬೆಳೆಸಿದಳು. ಅದೂ ಅವಳಂತೆಯೇ ಉಬ್ಬಿತು. ಅದರ ಕೆಚ್ಚಲಲ್ಲಿ ಗಂಟು ಕಂಡ ಮಳೆಗಾಲದಲ್ಲೇ ಅವಳ ಎದೆಯಲ್ಲೂ ಕಂಡಿತು.

“ನೋಡು ಉಚ್ಚಿ, ಅಡವಿಗೆ ಹೋಗೋ ಕುರಿಗೆ ಒಂದಕ್ಕೂ ಗಂಟಿಲ್ಲ. ನಾನೂ ಇದೂ ಕುಂತಲ್ಲೇ ತಿಂತೀವಿ. ಅವು ಹಳ್ಳದ ದಂಡ್ಯಾಗ ಉಪ್ಪಿನ ಚೌಳು ಮಣ್ಣು ನೆಕ್ಕತಾವು. ಅದರಾಗ ಏನೋ ಐತಿ, ನಮಗ ಸಿಕ್ಕಿಲ್ಲ.”

“ಮಣ್ಣಾಗ ಏನಿರತೈತವ್ವ?”

“ನನಗೇನು ಗೊತ್ತು? ಅದಕ್ಕ ನೋಡೂಣು ಅಂತೀನಿ.”

ಮರುದಿನ ಉಚ್ಚಮ್ಮ ಹಳ್ಳದಿಂದ ಆ ಬಿಳಿ ಚೌಳು ಮಣ್ಣು ತಂದಳು. ಕುರಿ ಆಸೆಯಿಂದ ನೆಕ್ಕಿತು. ಉಳಿದದ್ದನ್ನು ತಾಯಿಯ ಮುಂದೆ ಹಿಡಿದರೆ ಲಿಂಗಕ್ಕ ಮುಖ ತಿರುಗಿಸಿದಳು.

“ಇಬ್ಬರೂ ತಿಂದ್ರ ಏನು ತಿಳೀತೈತಿ? ಅದು ತಿನ್ನಲಿ, ನಾ ತಿನ್ನಂಗಿಲ್ಲ. ಯಾರು ಉಳೀತಾರ ನೋಡು.”

“ಹುಚ್ಚೇನವ್ವ ನಿನಗ? ನೀನೂ ತಿನ್ನು!”

“ನೀನೂ ನನ್ನಂಗ ದಪ್ಪ ಆಗೀದಿ. ನಾಳೆ ನಿನಗೂ ಗಂಟು ಬಂದ್ರ ಈ ಮಣ್ಣು ತಿನ್ನಬೇಕೋ ಬ್ಯಾಡೋ ನಿನಗ ಗೊತ್ತಿರಬೇಕು,” ಎಂದು ಮಗಳ ಸೊಂಟ ಚಿವುಟಿ ನಕ್ಕಳು.

ಆ ನಗುವಿನ ಮೇಲೆ ಉಚ್ಚಮ್ಮನಿಗೆ ಎಷ್ಟೋ ದಿನ ಸಿಟ್ಟಿತ್ತು. ಕುರಿಯ ಗಂಟು ಕರಗಲಿಲ್ಲ, ಬೆಳೆಯಲೂ ಇಲ್ಲ. ಅವ್ವನದು ಮಾತ್ರ ಬೆಳೆಯುತ್ತಲೇ ಹೋಯಿತು. ಮಣ್ಣಿನ ಗುಣವೋ, ಕುರಿಯ ಆಯುಸ್ಸೋ, ಹೇಳುವವರಿರಲಿಲ್ಲ.

*

ಕುಣಿಯ ಸುತ್ತ ನಿಂತವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಉಚ್ಚಮ್ಮ ಮಾತ್ರ ನೆಲಕ್ಕೆ ಬಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬಿಳಿ ಮಣ್ಣನ್ನು ಅವ್ವನ ಮುಖದ ಕಡೆಗೆ ಉದುರಿಸಿದಳು.

“ಈಗರ ತಿನ್ನು,” ಎಂದಳು.

ಮಾರೆಪ್ಪ ಎಲ್ಲ ನೋಡುತ್ತಿದ್ದ. ದಾರಿಯಲ್ಲಿ, “ಸರೇ ಬಿಡು, ಊಟಕ್ಕ ನನ್ನ ಹಿಂಡಿನಾಗಿಂದ ಒಂದು ತರ್ತೀನಿ,” ಎಂದಷ್ಟೇ ಹೇಳಿದ.

ಉಚ್ಚಮ್ಮ ಸ್ನಾನ ಮಾಡಿ ಹಿತ್ತಲಿಗೆ ಹೋದಳು. ಬೆಳಿಗ್ಗೆಯಿಂದ ಯಾರೂ ಕೇಳದಿದ್ದ ಕುರಿ ಒದರಿತು. ಮಡಕೆಯಲ್ಲಿದ್ದ ಚೌಳು ಮಣ್ಣನ್ನು ಅಂಗೈಗೆ ಸುರಿದು ಅದರ ಮುಂದೆ ಹಿಡಿದಳು. ಇನ್ನೊಂದು ಕೈಯಿಂದ ಕೆಚ್ಚಲು ಮುಟ್ಟಿದಳು. ಗಂಟು ಹಾಗೇ ಇತ್ತು. ಆ ಕೈಯನ್ನು ರವಿಕೆಯೊಳಗೆ ಇಟ್ಟು ತನ್ನದನ್ನೂ ಮುಟ್ಟಿ ನೋಡಿದಳು. ಆಮೇಲೆ ಕುರಿ ನೆಕ್ಕುತ್ತಿದ್ದ ಅಂಗೈಯಿಂದಲೇ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು.