ನಲವತ್ತನಾಲ್ಕು ಮೆಟ್ಟಿಲು

ಬೆಂಕಿ ಬಿದ್ದರೆ ಕಚೇರಿಯಿಂದ ಎಲ್ಲರೂ ಹೊರಬರುವುದು ಹೇಗೆ ಎಂಬ ಯೋಜನೆಯನ್ನು ನಾನು ಐದು ಸಲ ಬರೆದು ಹರಿದಿದ್ದೆ. ಕಡೂರಿನ ಬಸ್ ನಿಲ್ದಾಣದ ಹಿಂದಿರುವ ನಮ್ಮ ಖಾಸಗಿ ಕಚೇರಿಯಲ್ಲಿ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುತ್ತೇವೆ. ಎರಡನೇ ಮಹಡಿ, ಸುತ್ತಲೂ ಒಣ ಕಾಗದ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು. ಮೆಟ್ಟಿಲು ನಲವತ್ತನಾಲ್ಕು. ಶಿರೀನ್ ತಾಜ್ ಗಾಲಿಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು. ಮಸುಕಾದ ಕೈಬರಹ ಓದುವುದರಲ್ಲಿ ಅವರಷ್ಟು ಚುರುಕು ನಮ್ಮಲ್ಲಿ ಯಾರೂ ಇಲ್ಲ.

ಮುಖ್ಯ ಕಚೇರಿಯ ಪತ್ರ ಸ್ಪಷ್ಟವಾಗಿತ್ತು. ಅಣಕು ಪರೀಕ್ಷೆಯಲ್ಲಿ ಗಂಟೆ ಹೊಡೆದ ಐದು ನಿಮಿಷದೊಳಗೆ ಎಲ್ಲರೂ ರಸ್ತೆಯಲ್ಲಿರಬೇಕು. ಆಗದಿದ್ದರೆ ಶಿರೀನ್ ಮಹಡಿಯ ಮೇಲೆ ಕೆಲಸ ಮಾಡುವಂತಿಲ್ಲ. ಕೆಳಗೆ ಇರುವುದು ಗೊಬ್ಬರದ ಅಂಗಡಿ, ನಮಗೆ ಅಲ್ಲಿ ಜಾಗವಿಲ್ಲ. ಅಂದರೆ ಅವರ ಕೆಲಸವೇ ಹೋಗುತ್ತಿತ್ತು, ಅದೂ ನಾನು ಬರೆದ ಕಾಗದದಿಂದ.

ಸ್ಕ್ಯಾನ್ ಮಾಡುವ ಮುಜಾಹಿದ್, ಅಖೀಲ್ ಇಬ್ಬರೂ ಶಿರೀನ್ ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಇಳಿಯುವುದು ಎಂದು ಬರೆದಿದ್ದೆ. ಇಬ್ಬರೂ ಗಟ್ಟಿಮುಟ್ಟು. ಮರದ ಕುರ್ಚಿಯೊಂದಕ್ಕೆ ಗೊಬ್ಬರದ ಮೂಟೆ ಕಟ್ಟಿ ಅವರಿಂದ ಹೊರಿಸಿಯೂ ನೋಡಿದ್ದೆ. ಶಿರೀನ್ ಅವರನ್ನು ಮಾತ್ರ ಏನೂ ಕೇಳಿರಲಿಲ್ಲ. ಕಾಲಿನ ಮಾತೆತ್ತಿದರೆ ನೊಂದುಕೊಂಡಾರೆಂಬ ಸಂಕೋಚ. ಪರೀಕ್ಷೆಯ ಸಮಯ ಸಿಬ್ಬಂದಿಗೆ ಗೊತ್ತಾಗಬಾರದೆಂದು ಪತ್ರದಲ್ಲಿತ್ತು. ಹಾಗಾಗಿ ನಾನೊಬ್ಬನೇ ಕೂತು ಆರಿಸಿದೆ: ಶುಕ್ರವಾರ ಮಧ್ಯಾಹ್ನ ಒಂದೂಕಾಲು. ಆ ಹೊತ್ತಿನಲ್ಲಿ ಕಚೇರಿ ತಣ್ಣಗಿರುತ್ತದೆ.

ಮುಖ್ಯ ಕಚೇರಿಯಿಂದ ಬಂದಿದ್ದ ಶಾರದಾಂಬಾ ಮೇಡಂ ಗಡಿಯಾರ ನೋಡಿಕೊಂಡು ಗಂಟೆ ಒತ್ತಿದರು. ಎಲ್ಲರೂ ಎದ್ದು ಮೆಟ್ಟಿಲ ಕಡೆ ಹೊರಟರು. ನಾನು ಮುಜಾಹಿದ್, ಅಖೀಲ್ ಎಂದು ಕೂಗಿದೆ. ಇಬ್ಬರ ಜಾಗವೂ ಖಾಲಿ.

"ಜುಮ್ಮಾ ನಮಾಜಿಗೆ ಹೋಗವ್ರೆ ಸಾರ್," ಎಂದರು ಕಸ ಗುಡಿಸುವ ಮಲ್ಲಿಕಾಂಬ. "ಪ್ರತಿ ಶುಕ್ರವಾರ ಹೋಗ್ತಾರಲ್ಲ, ಇವತ್ತು ಹೊಸದಾ?"

ಆರು ವರ್ಷದಿಂದ ಅವರು ಹೊರಡುವುದನ್ನು ನೋಡುತ್ತಲೇ ಇದ್ದೇನೆ. ಕಚೇರಿ ಆ ಹೊತ್ತಿನಲ್ಲೇ ಯಾಕೆ ತಣ್ಣಗಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಮೇಡಂ, ಇದನ್ನ ಇನ್ನೊಂದು ದಿನ..."

"ಬೆಂಕಿಗೂ ಹಂಗೇ ಹೇಳ್ತೀರಾ?" ಎಂದರು ಶಾರದಾಂಬಾ, ಗಡಿಯಾರದಿಂದ ಕಣ್ಣೆತ್ತದೆ.

ಅಷ್ಟರಲ್ಲಿ ಶಿರೀನ್ ಗಾಲಿಕುರ್ಚಿಯನ್ನು ಮೆಟ್ಟಿಲ ಬಳಿ ತಂದು ಬ್ರೇಕ್ ಹಾಕಿದ್ದರು. "ಮಲ್ಲಿಕಾಂಬಕ್ಕ, ಕಾಲು ಹಿಡ್ಕೋ. ತೀರ್ಥೇಶ್ ಸಾರ್, ಸುಮ್ನೆ ನಿಂತ್ಕೋಬೇಡಿ, ಕುರ್ಚಿ ಮಡಚಿ ತನ್ನಿ."

ತೋಳಿನ ಮೇಲೆ ಭಾರ ಹಾಕಿ ನೆಲಕ್ಕಿಳಿದು, ಮೊದಲ ಮೆಟ್ಟಿಲ ಮೇಲೆ ಕೂತರು. ಎರಡೂ ಕೈ ಊರಿ, ಮೈ ಎತ್ತಿ, ಮುಂದಿನ ಮೆಟ್ಟಿಲಿಗೆ. ಮತ್ತೆ ಮುಂದಿನದಕ್ಕೆ. ಮಲ್ಲಿಕಾಂಬ ಅವರ ಕಾಲುಗಳನ್ನು ಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತಿದ್ದರು. ನಾನು ಕುರ್ಚಿ ಹೊತ್ತು ಹಿಂದೆ ಬಂದೆ.

"ಇದು ಯಾವಾಗ ಕಲಿತ್ರಿ?"

"ನಮ್ಮನೆ ಇರೋದು ಮಹಡಿ ಮೇಲೆ ಸಾರ್. ಅಲ್ಲಿ ಲಿಫ್ಟ್ ಎಲ್ಲೈತೆ? ದಿನಾ ಹಿಂಗೇ ಇಳೀತೀನಿ. ಇಲ್ಲೂ ನೀವು ಹೋದ್ಮೇಲೆ ಕರೆಂಟ್ ಹೋದಾಗ ನಾನೂ ಅಕ್ಕನೂ ಎಷ್ಟು ಸಲ ಇಳಿದಿದೀವಿ."

"ಮೊದಲೇ ಹೇಳಬಾರದಿತ್ತೆ?"

"ನೀವು ಕೇಳ್ಲೇ ಇಲ್ವಲ್ಲ."

"ಮಾತಾಡಿಸ್ಬೇಡಿ ಸಾರ್," ಎಂದರು ಮಲ್ಲಿಕಾಂಬ. "ನಾನು ಹಿಂದುಹಿಂದಕ್ಕೆ ಇಳೀತಿದೀನಿ, ಬಿದ್ದೋದ್ರೆ ನನ್ನ ಯಾರು ಹೊರ್ತಾರೆ?"

ರಸ್ತೆಗೆ ಬಂದಾಗ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್ ಆಗಿತ್ತು. ನಾನು ಕುರ್ಚಿ ಬಿಡಿಸಿ ಹಿಡಿದೆ. ಶಿರೀನ್ ಹತ್ತಿ ಕೂತು ಅಂಗೈ ಒರೆಸಿಕೊಂಡರು.

"ಪಾಸಾದ್ವಾ ಮೇಡಂ?"

"ನೀವು ಪಾಸು. ಇವರ ಕಾಗದ ಫೇಲು," ಎಂದರು ಶಾರದಾಂಬಾ. ಶಿರೀನ್ ಈಗಿರುವ ಜಾಗದಲ್ಲೇ ಮುಂದುವರಿಯಬಹುದೆಂದು ಬರೆದು ಸಹಿ ಹಾಕಿದರು. ಹೊಸ ಯೋಜನೆಗೆ ನನಗೆ ಒಂದು ವಾರ ಕೊಟ್ಟರು.

ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಎದೆಯ ಮೇಲಿನ ಭಾರ ಇಳಿದ ಸುಖವೇ ದೊಡ್ಡದಾಗಿತ್ತು. ಎಷ್ಟೋ ದಿನದ ನಂತರ ಹಸಿವಾಯಿತು. ಅಂಗಡಿಯ ಕಟ್ಟೆಯ ಮೇಲೆ ಕೂತು ಪೆನ್ನು ತೆಗೆದೆ.

"ನೀವು ಹೇಳಿ, ನಾನು ಬರ್ಕೋತೀನಿ."

"ಮೊದ್ಲು ಟೀ ಹೇಳಿ," ಎಂದರು ಶಿರೀನ್. "ಆಮೇಲೆ ಬರ್ಕೊಳ್ಳಿ. ಮೆಟ್ಟಿಲ ತಿರುವಲ್ಲಿ ದಾಖಲೆ ಗಂಟು ಪೇರಿಸವ್ರೆ, ಎಲ್ಲಾ ಇವತ್ತೇ ತೆಗೀಬೇಕು. ಮೊಣಕೈ ತರಚೋಯ್ತು."

ಆ ಗಂಟುಗಳನ್ನು ಅಲ್ಲಿ ಇಡಿಸಿದವನು ನಾನೇ. ಅದನ್ನೂ ಬರೆದುಕೊಂಡೆ.